ತಲೆಯ ಹುಳುಕಡ್ಡಿಯೂ ಸಾಬೂರೋ ಪಂಡಿತನೂ

ದದ್ರು ಎಂಬ ಶಬ್ದವು ಆಯುರ್ವೇದವನ್ನು ಸ್ವಲ್ಪಮಾತ್ರ ಬಲ್ಲವರಿಗೂ ಅಪರಿಚಿತವಲ್ಲ. ಚರಕಾಚಾರ್ಯನು ಇದನ್ನು ಕ್ಷುದ್ರಕುಷ್ಠಗಳಲ್ಲಿಯೂ ಸುಶ್ರುತಾಚಾರ್ಯನು ಮಹಾಕುಷ್ಠಗಳಲ್ಲಿಯೂ ಎಣಿಸಿದ್ದಾರೆ. ನಮ್ಮ ಹೊಲಗಳ ಬದುವಿನಲ್ಲಿ ತಾನಾಗಿ ಬೆಳೆಯುವ ತಗಚೆಯ ಗಿಡಕ್ಕೆ ಸಂಸ್ಕೃತದಲ್ಲಿ ದದ್ರುಘ್ನ ಎಂಬ ಹೆಸರು ಉಂಟಾಗಿರುವುದೇ ಈ ವ್ಯಾಧಿಯು ಎಷ್ಟು ಪ್ರಾಚೀನವಾದುದು, ಎಷ್ಟು ಸಾಮಾನ್ಯವಾದುದು ಎಂಬುದಕ್ಕೆ ಸಾಕ್ಷಿಯಾಗಿದೆ. ಕನ್ನಡದಲ್ಲಿ ಇದನ್ನು ಹುಳುಕಡ್ಡಿಯೆಂದೂ ಗಜಕರ್ಣವೆಂದೂ ಕರೆಯುವೆವು. ವಾಸ್ತವವಾಗಿ ಇದರಲ್ಲಿ ಹುಳುವಿಲ್ಲ. ಇರುವುದು ಬರಿಗಣ್ಣಿಗೆ ಕಾಣದ ಒಂದು ಜಾತಿಯ ಬೂಷ್ಟು. ಅದು ದೊಡ್ಡವರ ಮೈಯನ್ನು ಹಿಡಿಯುವುದಾದರೂ ತಲೆಗೂದಲನ್ನು ಹಿಡಿಯುವುದು ಬಹುಮಟ್ಟಿಗೆ ಮಕ್ಕಳಲ್ಲಿಯೇ. ಆ ಕಾರಣದಿಂದಲೇ ಈ ವ್ಯಾಧಿಯ ಚರಿತ್ರೆಯು ವೈದ್ಯಶಾಲೆಯ ಚರಿತ್ರೆಯಾಗಿರುವಂತೆ ಪಾಠಶಾಲೆಯ ಚರಿತ್ರೆಯೂ ಆಗಿರುವುದು.

ಈ ಲೇಖನಕ್ಕೆ ನನ್ನನ್ನು ಪ್ರೇರಿಸಿದ ಕಾರಣವನ್ನು ಮೊದಲೇ ಹೇಳಿಬಿಡುವುದು ಯುಕ್ತ. ನಾನು ಉಪಾಧ್ಯಾಯ ವೃತ್ತಿಗೆ ಸೇರಿದ ಮೊದಲ ವರ್ಷಗಳಲ್ಲಿ ನಾಲ್ಕನೆಯ ತರಗತಿಯ ಒಬ್ಬ ಹುಡುಗನ ತಲೆಯಲ್ಲಿ ಎರಡು ಬೂದುಬಣ್ಣದ ವೃತ್ತಗಳು ಕಾಣಿಸಿಕೊಂಡವು. ಅಲ್ಲಿ ಕೂದಲು ಮುರಿದು ಕೊಯ್ದ ಪೈರಿನ ಕೂಳೆಯಂತೆ ನಿಂತಿದ್ದಿತು. ಇತರ ಮಕ್ಕಳ ತಂದೆತಾಯಿಗಳು ಆಕ್ಷೇಪಿಸಿದರು. ನಾನು ಹೆಚ್ಚು ವಿಚಾರಮಾಡದೆ, ವಾಸಿಯಾದ ಮೇಲೆ ಬಾ ಎಂದು ಹೇಳಿ ಅವನನ್ನು ಮನೆಗೆ ಕಳುಹಿಸಿದೆನು. ಅವನು ಮತ್ತೆ ಬರಲಿಲ್ಲ. ದನ ಕಾಯುವುದಕ್ಕೆ ಹಾಕಿದರೆಂದು ಆಮೇಲೆ ಕೇಳಿದೆನು. ಇಂತಹ ಹುಡುಗರಿಗಾಗಿಯೇ ತನ್ನ ಜೀವಮಾನವನ್ನು ಸವೆಸಿದ ಒಬ್ಬ ವೈದ್ಯನು ಇದ್ದನೆಂಬುದು ನನಗೆ ತಿಳಿದುಬಂದದ್ದು ನಿವೃತ್ತನಾದ ಬಳಿಕ. ಅವನ ಕಾರ್ಯವನ್ನು ವಾಚಕರ ಮುಂದೆ ಇಡುವುದೇ ಇಲ್ಲಿಯ ಉದ್ದೇಶ.

ಪ್ಯಾರಿಸ್ ನಗರದಲ್ಲಿ ಸಾಂ ಲೂಯಿ ಎಂಬ ಆಸ್ಪತ್ರೆಯೊಂದಿದೆ. ನಾಲ್ಕನೆಯ ಹೆನ್ರಿ ದೊರೆಯು 1607ರಲ್ಲಿ ಪ್ಲೇಗಿನ ರೋಗಿಗಳನ್ನು ಊರಿನಿಂದ ದೂರವಿಡುವುದಕ್ಕಾಗಿ ಇದನ್ನು ಸ್ಥಾಪಿಸಿದನು. 1801ರಿಂದ ಅದು ಚರ್ಮರೋಗಗಳ ಚಿಕಿತ್ಸೆಗೆ ಮೀಸಲಾಯಿತು. ಅಲ್ಲಿಯ ಮೊದಲ ಆಚಾರ್ಯನಾದ ಅಲಿಬೇರ್ ಎಂಬಾತನು ಅಂಗಳದ ಲಿಂಡನ್ ಮರಗಳ ನೆರಳಿನಲ್ಲಿ ರೋಗಿಗಳನ್ನು ನಿಲ್ಲಿಸಿಕೊಂಡು ಶಿಷ್ಯರಿಗೆ ಪಾಠ ಹೇಳುತ್ತಿದ್ದನು. ಮರದಡಿಯ ವಿದ್ಯಾಭ್ಯಾಸವು ನಮ್ಮ ಗುರುಕುಲಗಳಿಗೆ ಮಾತ್ರ ಸೇರಿದುದಲ್ಲವೆಂಬುದು ಇದರಿಂದ ವ್ಯಕ್ತವಾಗುವುದು. ಕಾಲಾಂತರದಲ್ಲಿ ಬಾರೆಟ್ಟಾ ಎಂಬ ಕುಶಲಿಯು ರೋಗಗ್ರಸ್ತವಾದ ಅಂಗಗಳ ಅಚ್ಚನ್ನು ತೆಗೆದು ಮೇಣದ ಪ್ರತಿಮೆಗಳನ್ನು ಮಾಡಿದನು. ಅವುಗಳನ್ನಿಟ್ಟ ಸಂಗ್ರಹಾಲಯವು 1889ರಲ್ಲಿ ತೆರೆಯಲ್ಪಟ್ಟಿತು. ಚರ್ಮವಿದ್ಯೆಯು ಕಣ್ಣಿನಿಂದ ಕಲಿಯತಕ್ಕ ವಿದ್ಯೆ. ಆದುದರಿಂದ ಆ ಮೇಣದ ಪ್ರತಿಮೆಗಳು ಅನೇಕ ತಲೆಮಾರುಗಳ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕಗಳೇ ಆದವು.

ಆ ಕಾಲದಲ್ಲಿ ತಲೆಯ ಹುಳುಕಡ್ಡಿ ಹಿಡಿದ ಮಕ್ಕಳ ಅವಸ್ಥೆ ಹೇಳತೀರದು. ರಾಳದ ಲೇಪವನ್ನು ಬಟ್ಟೆಗೆ ಬಳಿದು ಟೊಪ್ಪಿಗೆಯಂತೆ ತಲೆಗೆ ಅಂಟಿಸಿ, ಅದು ಗಟ್ಟಿಯಾದ ಮೇಲೆ ಕೂದಲುಸಹಿತವಾಗಿ ಕಿತ್ತೆಳೆಯುವುದು ಹಿಂದಿನಿಂದ ಬಂದ ಚಿಕಿತ್ಸೆ. ಅದು ಚಿಕಿತ್ಸೆಯೋ ದಂಡನೆಯೋ ಹೇಳಲಾಗದು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಮಾಯೋಂ ಎಂಬ ಮನೆತನದವರು, ಪದವೀಧರ ವೈದ್ಯರಲ್ಲದಿದ್ದರೂ, ಗುಟ್ಟಿನ ಪುಡಿಯೊಂದರಿಂದ ಕೂದಲನ್ನು ಉದುರಿಸುವುದಾಗಿ ಹೇಳಿ ಪ್ಯಾರಿಸಿನ ಆಸ್ಪತ್ರೆಗಳಲ್ಲಿಯೇ ಈ ಮಕ್ಕಳಿಗೆ ಚಿಕಿತ್ಸೆ ನಡೆಸುತ್ತಿದ್ದರು. ರೋಗದ ಕಾರಣವನ್ನು ತಿಳಿಯದಿರುವಲ್ಲಿ ಗುಟ್ಟಿನ ಮದ್ದಿಗೆ ಬೆಲೆ ಬರುವುದು ಎಲ್ಲ ದೇಶಗಳಲ್ಲಿಯೂ ಒಂದೇ ರೀತಿ.

ಕಾರಣವನ್ನು ಕಂಡವನು ಡೇವಿಡ್ ಗ್ರೂಬಿ. 1810ರಲ್ಲಿ ಹಂಗೆರಿಯಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ್ದ ಈ ಯೆಹೂದ್ಯ ವೈದ್ಯನು 1841ರಿಂದ 1844ರವರೆಗೆ ಸೂಕ್ಷ್ಮದರ್ಶಕದಿಂದ ರೋಗಿಗಳ ಕೂದಲನ್ನು ಪರೀಕ್ಷಿಸಿ, ಈ ವ್ಯಾಧಿಗಳಿಗೆ ಬೂಷ್ಟುಗಳೇ ಕಾರಣವೆಂದೂ ಅವು ಒಂದೇ ಬಗೆಯವಲ್ಲವೆಂದೂ ಪ್ರಕಟಿಸಿದನು. ರೋಗಾಣುಗಳ ವಿಷಯದಲ್ಲಿ ಪಾಶ್ಚರನು ಕೀರ್ತಿಯನ್ನು ಪಡೆಯುವುದಕ್ಕೆ ಎಷ್ಟೋ ವರ್ಷಗಳ ಹಿಂದಿನ ಮಾತಿದು. ಆದರೆ ದೊಡ್ಡ ಆಸ್ಪತ್ರೆಯ ಪೀಠದಲ್ಲಿ ಕುಳಿತವನಲ್ಲದ ಗ್ರೂಬಿಯ ಮಾತಿಗೆ ಪುರಸ್ಕಾರ ದೊರೆಯಲಿಲ್ಲ. ಸಾಂ ಲೂಯಿಯ ಬಾಜಾಂ ಎಂಬ ವೈದ್ಯನು 1853ರ ಸುಮಾರಿನಲ್ಲಿ ಬೂಷ್ಟಿನ ಮತವನ್ನು ಅಂಗೀಕರಿಸಿ, ರೋಗ ತಗಲಿದ ಕೂದಲನ್ನು ಚಿಮಟದಿಂದ ಒಂದೊಂದಾಗಿ ಕೀಳಿಸುವ ಕ್ರಮವನ್ನು ರೂಢಿಗೆ ತಂದನು. ಇದು ರಾಳದ ಟೊಪ್ಪಿಗೆಗಿಂತ ಮೇಲಾದರೂ ಬಹುದೀರ್ಘವಾದ ಕೆಲಸ. ಒಂದು ವರ್ಷವೋ ಅದಕ್ಕೂ ಹೆಚ್ಚೋ ಮಗುವು ಆಸ್ಪತ್ರೆಯಲ್ಲಿಯೇ ಇರಬೇಕಾಗುತ್ತಿದ್ದಿತು. ಸಾಂಕ್ರಾಮಿಕವೆಂಬ ಭಯದಿಂದ ಯಾವ ಶಾಲೆಯೂ ಅಂತಹ ಮಗುವನ್ನು ಸೇರಿಸುತ್ತಿರಲಿಲ್ಲ.

ಇಲ್ಲಿ ಉಪಾಧ್ಯಾಯರು ಗಮನಿಸತಕ್ಕ ಒಂದು ಸಂಗತಿ ನಡೆಯಿತು. ಲಾಯೇ ಎಂಬ ವೈದ್ಯನ ಪ್ರಯತ್ನದ ಫಲವಾಗಿ 1886ರಲ್ಲಿ ಆಸ್ಪತ್ರೆಯ ಆವರಣದಲ್ಲಿಯೇ ಈ ಮಕ್ಕಳಿಗೆಂದು ಒಂದು ಪಾಠಶಾಲೆಯು ಸ್ಥಾಪಿತವಾಯಿತು. ಶಾಲೆಯು ಮಗುವನ್ನು ಹೊರಗೆ ಹಾಕಿದರೆ ಮಗುವಿದ್ದಲ್ಲಿಗೇ ಶಾಲೆಯನ್ನು ತರುವುದು ಎಂಬುದೇ ಇದರ ತತ್ತ್ವ. ತಲೆಗೆ ಚಿಕಿತ್ಸೆ ನಡೆಯುತ್ತಿದ್ದಂತೆಯೇ ತಲೆಯೊಳಕ್ಕೆ ಅಕ್ಷರವೂ ಹೋಗುತ್ತಿದ್ದಿತು.

ಈ ಆವರಣಕ್ಕೆ ಬಂದವನೇ ರೇಮೋಂ ಸಾಬೂರೋ. ಈತನು 1864ರಲ್ಲಿ ನಾಂತ್ ಪಟ್ಟಣದಲ್ಲಿ ಹುಟ್ಟಿದನು. ಪಾಶ್ಚರನ ಸಂಸ್ಥೆಯಲ್ಲಿ ಎಮಿಲ್ ರೂ ಎಂಬ ಪಂಡಿತನಿಂದ ಸೂಕ್ಷ್ಮಜೀವಿಶಾಸ್ತ್ರವನ್ನು ಕಲಿತು, ಸಾಂ ಲೂಯಿಯಲ್ಲಿ ಬೆನಿಯೇ ಎಂಬ ಹಿರಿಯ ವೈದ್ಯನ ಶಿಷ್ಯನಾದನು. ಯೌವನದಲ್ಲಿರುವ ಬುದ್ಧಿವಂತರು ಕೀರ್ತಿದಾಯಕವಾದ ರೋಗಗಳನ್ನು ಆರಿಸಿಕೊಳ್ಳುವುದು ಲೋಕಸ್ವಭಾವ. ಸಾಬೂರೋ ಬಡಮಕ್ಕಳ ತಲೆಯ ಬೂಷ್ಟನ್ನು ಆರಿಸಿಕೊಂಡನು. 1892ರಿಂದ ತನ್ನ ಪ್ರಯೋಗಗಳನ್ನು ಪ್ರಕಟಿಸತೊಡಗಿ, 1894ರಲ್ಲಿ ಇದೇ ವಿಷಯವಾಗಿ ಪ್ರೌಢಪ್ರಬಂಧವನ್ನು ಒಪ್ಪಿಸಿದನು. ಅರ್ಧ ಶತಮಾನದ ಹಿಂದೆ ಗ್ರೂಬಿಯು ಹೇಳಿದ್ದುದೇ ನಿಜವೆಂಬುದು ಅದರಿಂದ ಸಿದ್ಧವಾಯಿತು. ಗ್ರೂಬಿಯು ತೀರಿಕೊಂಡದ್ದು 1898ರಲ್ಲಿ. ತನ್ನ ಮಾತು ಗೆದ್ದ ಕಾಲದಲ್ಲಿ ಆ ವೃದ್ಧನು ಅದೇ ಪ್ಯಾರಿಸಿನಲ್ಲಿ ಜೀವಂತನಾಗಿದ್ದನು. ಸತ್ಯಕ್ಕೆ ಜಯವು ಬರುವುದೇನೋ ದಿಟ. ಆದರೆ ಅದು ಸತ್ಯವಂತನ ಆಯುಷ್ಯವನ್ನು ಮೀರದೆ ಬರುವುದು ಅಪರೂಪ.

ಸಾಬೂರೋವಿನ ವೈಶಿಷ್ಟ್ಯವು ಆತನ ಕ್ರಮಬದ್ಧತೆಯಲ್ಲಿದೆ. ಬೂಷ್ಟನ್ನು ಗಾಜಿನ ನಳಿಕೆಯಲ್ಲಿ ಬೆಳೆಸಬೇಕಾದರೆ ಅದಕ್ಕೆ ಆಹಾರ ಬೇಕು. ಬೇರೆ ಬೇರೆ ಪಂಡಿತರು ಬೇರೆ ಬೇರೆ ಆಹಾರವನ್ನು ಕೊಟ್ಟುದರಿಂದ ಒಂದೇ ಬೂಷ್ಟು ಒಬ್ಬನಲ್ಲಿ ಬಿಳಿದಾಗಿಯೂ ಮತ್ತೊಬ್ಬನಲ್ಲಿ ಹಳದಿಯಾಗಿಯೂ ಬೆಳೆದು, ವಾದವು ಕೊನೆಗಾಣುತ್ತಿರಲಿಲ್ಲ. ಸಕ್ಕರೆ, ಪೆಪ್ಟೋನು, ಅಗರು ಇವುಗಳನ್ನು ಸೇರಿಸಿದ ಒಂದೇ ಪಾಕವನ್ನು ನಿಯಮಿಸಿ, ಎಲ್ಲರೂ ಅದರಲ್ಲಿಯೇ ಬೆಳೆಸಿ ಹೋಲಿಸಬೇಕೆಂದು ಈತನು ಸಾಧಿಸಿದನು. ವ್ಯಾಕರಣದಲ್ಲಿ ಪರಿಭಾಷೆಯು ಸ್ಥಿರವಾಗದೆ ಶಾಸ್ತ್ರಾರ್ಥವು ಸಾಗುವುದಿಲ್ಲವೆಂಬುದನ್ನು ಬಲ್ಲವರಿಗೆ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ. ಪಾಕವು ಸ್ವಲ್ಪ ಹುಳಿಯಾಗಿರುವುದರಿಂದ ಇತರ ರೋಗಾಣುಗಳು ಅದರಲ್ಲಿ ಸುಲಭವಾಗಿ ಬೆಳೆಯಲಾರವು. ಕೆಲವು ಮಾರ್ಪಾಟುಗಳೊಂದಿಗೆ ಅದು ಇಂದಿಗೂ ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಸಾಬೂರೋವಿನ ಹೆಸರಿನಿಂದಲೇ ಬಳಕೆಯಲ್ಲಿದೆ. ಯಾವ ಬೂಷ್ಟು ಮಗುವಿನಿಂದ ಮಗುವಿಗೆ ಹರಡುವುದು, ಯಾವುದು ಕರು ಬೆಕ್ಕುಗಳಿಂದ ಬರುವುದು, ಯಾವುದು ಪ್ರಾಯ ಬಂದಾಗ ತಾನೇ ಮಾಯುವುದು, ಯಾವುದು ಚರ್ಮವನ್ನು ಕೆಡಿಸಿ ಶಾಶ್ವತವಾಗಿ ಬೋಳುಮಾಡುವುದು ಎಂಬ ವಿವೇಕವು ಈ ವಿಂಗಡಣೆಯಿಂದ ಉಂಟಾಯಿತು. ತಾನು ಕಂಡುದೆಲ್ಲವನ್ನೂ ಈತನು 1910ರಲ್ಲಿ ತಲೆಯ ಬೂಷ್ಟುರೋಗಗಳ ಬೃಹದ್ಗ್ರಂಥವೊಂದರಲ್ಲಿ ಸಂಗ್ರಹಿಸಿದನು. ಬಿಡುವಿನಲ್ಲಿ ಶಿಲ್ಪಿಯಾಗಿ ಮಣ್ಣನ್ನು ತಿದ್ದುತ್ತಿದ್ದ ಈತನಿಗೆ ರೂಪವನ್ನು ನೋಡುವ ಕಣ್ಣು ಸಹಜವಾಗಿಯೇ ಇದ್ದಿತು.

ರೋಗನಿರ್ಣಯವಾಯಿತು, ಚಿಕಿತ್ಸೆ ಮಾತ್ರ ಚಿಮಟದಲ್ಲಿಯೇ ನಿಂತಿದ್ದಿತು. 1895ರಲ್ಲಿ ಕ್ಷಕಿರಣಗಳು ಪ್ರಕಟವಾದವು. ಅವುಗಳಿಂದ ಕೂದಲುದುರುವುದೆಂದು ವಿಯೆನ್ನಾದ ವೈದ್ಯರು ತಿಳಿದುಕೊಂಡರು. ಪ್ರಮಾಣ ಕಡಿಮೆಯಾದರೆ ಕೂದಲು ಉದುರದು. ಹೆಚ್ಚಾದರೆ ಮತ್ತೆ ಹುಟ್ಟದು. ಈ ಪ್ರಮಾಣವನ್ನು ಅಳೆಯುವ ಉಪಾಯವನ್ನು 1904ರಲ್ಲಿ ಸಾಬೂರೋ ಮತ್ತು ಆತನ ಸಹಾಯಕನಾದ ನ್ವಾರೇ ಕಂಡುಹಿಡಿದರು. ಬೇರಿಯಂ ಲವಣವೊಂದನ್ನು ಬಳಿದ ಸಣ್ಣ ಬಿಲ್ಲೆಯನ್ನು ಕಿರಣದ ದಾರಿಯಲ್ಲಿಡುವುದು. ಅದರ ಹಸುರು ಮಿಶ್ರವಾದ ಹಳದಿ ಬಣ್ಣವು ಕಿತ್ತಳೆಗೆಂಪಿಗೆ ತಿರುಗಿ ನಿಯಮಿತವಾದ ಛಾಯೆಗೆ ಬಂದೊಡನೆ ಯಂತ್ರವನ್ನು ನಿಲ್ಲಿಸುವುದು. ಕಿರಣವು ಬೂಷ್ಟನ್ನು ಕೊಲ್ಲುವುದಿಲ್ಲ. ಎರಡು ಮೂರು ವಾರಗಳಲ್ಲಿ ಕೂದಲನ್ನು ಉದುರಿಸಿ ಅದರೊಡನೆ ಬೂಷ್ಟನ್ನೂ ಹೊರಗೆ ಹಾಕುವುದು. ಅನಂತರ ಶುದ್ಧವಾದ ಕೂದಲು ಹುಟ್ಟುವುದು. ವರ್ಷಗಟ್ಟಲೆಯ ಬಂಧನವು ಕೆಲವೇ ತಿಂಗಳಿಗೆ ಇಳಿಯಿತು. 1909ರಲ್ಲಿ ಲಂಡನ್ನಿನ ಆಡಮ್ಸನ್ ಈ ವಿಧಾನವನ್ನು ಇನ್ನೂ ಸರಳಗೊಳಿಸಲು, ಅದು ಪ್ರಪಂಚದಲ್ಲೆಲ್ಲ ಹರಡಿತು. ಸುಮಾರು ಎರಡು ಲಕ್ಷ ಮಕ್ಕಳು ಇದಕ್ಕೆ ಒಳಗಾದರೆಂದು ಅಂದಾಜುಮಾಡಿದ್ದಾರೆ. ಸಾಬೂರೋ 1938ರಲ್ಲಿ ಕೃತಕೃತ್ಯನಾಗಿ ದೇಹಬಿಟ್ಟನು.

ಚರಿತ್ರೆಯು ಇಲ್ಲಿಗೆ ಮುಗಿದಿದ್ದರೆ ಇದು ಬರಿಯ ಪ್ರಶಸ್ತಿಯಾಗುತ್ತಿದ್ದಿತು. 1939ರಲ್ಲಿ ಲಂಡನ್ನಿನ ರಸಾಯನಜ್ಞರು ಪೆನಿಸಿಲಿಯಂ ಜಾತಿಯ ಒಂದು ಬೂಷ್ಟಿನಿಂದಲೇ ಗ್ರಿಸಿಯೋಫುಲ್ವಿನ್ ಎಂಬ ದ್ರವ್ಯವನ್ನು ಪ್ರತ್ಯೇಕಿಸಿದರು. ಅದನ್ನು ಹೊಟ್ಟೆಗೆ ಕೊಟ್ಟರೆ ಕೂದಲಿನ ಬೂಷ್ಟು ಮಾಯುವುದೆಂದು ಜೆಂಟಲ್ಸ್ ಎಂಬಾತನು 1958ರಲ್ಲಿ ಗಿನಿಯಿಲಿಗಳಲ್ಲಿ ತೋರಿಸಿದನು. ಕೆಲವೇ ತಿಂಗಳಲ್ಲಿ ಅದು ಮನುಷ್ಯರಿಗೂ ಬಂದಿತು; ಕಿರಣಚಿಕಿತ್ಸೆಯು ನಿಂತಿತು. ಆದರೆ ಕಿರಣದ ಸಾಲವು ತೀರಿರಲಿಲ್ಲ. ಇಸ್ರೇಲ್ ದೇಶದಲ್ಲಿ 1948ರ ಬಳಿಕ ಈ ಚಿಕಿತ್ಸೆಯನ್ನು ಪಡೆದಿದ್ದ ಸುಮಾರು 10,800 ಮಂದಿಯನ್ನು ಮೋಡಾನ್ ಎಂಬ ವೈದ್ಯನೂ ಆತನ ಸಹೋದ್ಯೋಗಿಗಳೂ ಅನುಸರಿಸಿ ನೋಡಿ, ಅವರಲ್ಲಿ ಮೆದುಳಿನ ಗಂಟುಗಳೂ ಥೈರಾಯಿಡ್ ಗ್ರಂಥಿಯ ಅರ್ಬುದವೂ ಇತರರಿಗಿಂತ ಹೆಚ್ಚೆಂದು 1974ರಲ್ಲಿ ಪ್ರಕಟಿಸಿದರು. ಅವರಲ್ಲಿ ಬಹುಮಂದಿ ಉತ್ತರ ಆಫ್ರಿಕ, ಪಶ್ಚಿಮ ಏಷ್ಯಗಳಿಂದ ವಲಸೆ ಬಂದವರ ಮಕ್ಕಳು. ಅವರಿಗೆ ಪರಿಹಾರವನ್ನು ಕೊಡುವ ಕಾನೂನು ಆ ದೇಶದಲ್ಲಿ 1994ರಲ್ಲಿ ಆಯಿತು.

ಹಾಗಾದರೆ ಸಾಬೂರೋ ದೋಷಿಯೇ? ಆತನು ತನ್ನ ಕಾಲದಲ್ಲಿ ತಿಳಿಯಬಹುದಾದ ಅಪಾಯವನ್ನು ಅಳೆದನು. ಅಳೆಯುವ ಉಪಾಯವನ್ನೂ ನಿರ್ಮಿಸಿದನು. ಮೂವತ್ತು ವರ್ಷಗಳ ಮೇಲೆ ತೋರುವ ಫಲವನ್ನು ಆ ಬಿಲ್ಲೆಯ ಬಣ್ಣವು ಹೇಳಲಾರದು. ಆದರೂ ಒಂದು ಮಾತನ್ನು ಮರೆಯಬಾರದು. ಈ ರೋಗವು ಪ್ರಾಣಾಂತಿಕವಲ್ಲ. ಅನೇಕರಲ್ಲಿ ಪ್ರಾಯ ಬಂದಾಗ ತಾನೇ ಹೋಗತಕ್ಕುದು. ಇಂತಹ ರೋಗಕ್ಕೆ ಇಷ್ಟು ತೀಕ್ಷ್ಣವಾದ ಚಿಕಿತ್ಸೆಯು ಅವಶ್ಯವೆನಿಸಿದ್ದಕ್ಕೆ ಬೂಷ್ಟೊಂದೇ ಕಾರಣವಲ್ಲ. ಮಗುವಿನ ಮುಖದ ಮೇಲೆ ಮುಚ್ಚಲ್ಪಟ್ಟ ಶಾಲೆಯ ಬಾಗಿಲೂ ಕಾರಣ. ಆ ಬಾಗಿಲನ್ನು ಮುಚ್ಚಿದವರು ವೈದ್ಯರಲ್ಲ, ನಮ್ಮಂತಹವರು.

ಮಕ್ಕಳ ಚರ್ಮವೈದ್ಯವು ಪ್ರತ್ಯೇಕ ಶಾಖೆಯಾಗಿ ಸಂಘಟಿತವಾದದ್ದು ತೀರ ಈಚೆಗೆ. ಅದರ ಮೊದಲ ಅಂತರರಾಷ್ಟ್ರೀಯ ಗೋಷ್ಠಿಯು 1972ರಲ್ಲಿ ಮೆಕ್ಸಿಕೋ ನಗರದಲ್ಲಿ ಸೇರಿತು. ತಲೆಯ ಹುಳುಕಡ್ಡಿಗೆ ಇಂದು ಹೊಟ್ಟೆಗೆ ಕೊಡುವ ಔಷಧವೇ ಮುಖ್ಯ. ಮೇಲಿನ ಮುಲಾಮು ಮಾತ್ರ ಸಾಲದು, ಅದು ಕೂದಲಿನ ಬುಡವನ್ನು ಮುಟ್ಟುವುದಿಲ್ಲ. ನಮ್ಮ ದೇಶದಲ್ಲಿ ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳನ್ನು ವೈದ್ಯರನ್ನು ಕೇಳದೆ ಹಚ್ಚಿಕೊಳ್ಳುವುದರಿಂದ ಮೈಯ ಹುಳುಕಡ್ಡಿಯು ಹಠಮಾರಿಯಾಗಿ ಹರಡುತ್ತಿರುವುದು ಎಲ್ಲ ಮನೆಗಳವರೂ ತಿಳಿದಿರತಕ್ಕ ಸಂಗತಿ. ಮತ್ತೊಂದು ಸಂಗತಿ ಉಪಾಧ್ಯಾಯರಿಗೆ ಸೇರಿದ್ದು: ಚಿಕಿತ್ಸೆಯು ಆರಂಭವಾದ ಬಳಿಕ ಮಗುವನ್ನು ಶಾಲೆಯಿಂದ ದೂರವಿಡಬೇಕಾಗಿಲ್ಲ. ಬಾಚಣಿಗೆ, ಟೊಪ್ಪಿಗೆ, ವಸ್ತ್ರ ಇವುಗಳನ್ನು ಬೇರೆಯಾಗಿಟ್ಟುಕೊಂಡರೆ ಸಾಕು.

ನಾನು ಆ ಹುಡುಗನನ್ನು ಕಳುಹಿಸಿದ ಕಾಲಕ್ಕೆ ಗ್ರಿಸಿಯೋಫುಲ್ವಿನ್ ಬಂದು ಇಪ್ಪತ್ತೈದು ವರ್ಷಗಳಿಗೆ ಮೇಲಾಗಿದ್ದಿತು. ಆರೆಂಟು ವಾರಗಳ ಮಾತ್ರೆಯಿಂದ ಅವನು ಗುಣಹೊಂದಬಹುದಾಗಿದ್ದಿತು. ಅಷ್ಟು ದಿನವೂ ಕಿಟಕಿಯ ಪಕ್ಕದ ತನ್ನ ಸ್ಥಳದಲ್ಲಿಯೇ ಕುಳಿತು ಪಾಠ ಕೇಳಬಹುದಾಗಿದ್ದಿತು. ಅಮರಕೋಶದಲ್ಲಿ ರೋಗಗಳ ಹೆಸರುಗಳನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ್ದ ನನಗೆ ಆ ಒಂದು ರೋಗದ ವಿಷಯದಲ್ಲಿ ಹತ್ತಿರದ ವೈದ್ಯರನ್ನು ಕೇಳಬೇಕೆಂದು ತೋರಲಿಲ್ಲ. 1886ರಲ್ಲಿ ಪ್ಯಾರಿಸಿನವರು ಕಟ್ಟಿದ ಶಾಲೆಯ ವಿಷಯವನ್ನು ಓದಿದಾಗಲೆಲ್ಲ ಅವನ ಮುಖವು ನನ್ನ ಮುಂದೆ ಬಂದು ನಿಲ್ಲುವುದು. ಈಗ ಉಪಾಧ್ಯಾಯರಾಗಿರುವ ವಾಚಕರ ತರಗತಿಗೆ ಅಂತಹ ಮಗುವೊಂದು ಬಂದರೆ, ಅದನ್ನು ವೈದ್ಯರಲ್ಲಿಗೆ ಕಳುಹಿಸಲಿ, ಮನೆಗೆ ಕಳುಹಿಸದಿರಲಿ.