ಠಾಕೂರನ ಸೇಡು, ರಾಮನಗರದ ಬಂಡೆ

ನಾನು ಮುಂಬಯಿಗೆ ಬಂದ ಹೊಸದರಲ್ಲಿ ನಮ್ಮ ಚಾಳಿನ ಮರಾಠಿ ಗೆಳೆಯರೊಬ್ಬರು, ‘ಶೋಲೆ’ ಚಿತ್ರದಲ್ಲಿ ಗಬ್ಬರ್ ಸಿಂಗ್ ಅಡ್ಡಾಡುವ ಬಂಡೆಗಳು ಚಂಬಲ್ ಕಣಿವೆಯವೇ ಎಂದು ನನ್ನೊಡನೆ ಪಂಥ ಕಟ್ಟಿದರು. ಬೆಂಗಳೂರು–ಮೈಸೂರು ರೈಲಿನ ಕಿಟಕಿಯಿಂದ ಆ ಬಂಡೆಗಳನ್ನು ಎಷ್ಟೋ ಸಲ ಕಂಡವನು ನಾನು. ಅವು ನಮ್ಮ ರಾಮನಗರದವು ಎಂದರೆ ಅವರು ನಂಬಲೊಲ್ಲರು. ನಂಬದಿದ್ದುದರಲ್ಲಿ ಅವರ ತಪ್ಪೂ ಇಲ್ಲವೆನ್ನಿ. ತೆರೆಯ ಮೇಲೆ ಅದು ರಾಮಗಢ. ಅಲ್ಲಿ ಒಂದೇ ಒಂದು ಕನ್ನಡ ಮಾತೂ ಕಿವಿಗೆ ಬೀಳುವುದಿಲ್ಲ.

ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದ ಈ ಊರಿಗೆ ಬ್ರಿಟಿಷರ ಕಾಲದಲ್ಲಿ, ಬ್ಯಾರಿ ಕ್ಲೋಸ್ ಎಂಬ ರೆಸಿಡೆಂಟನ ನೆನಪಿಗೆ, ಕ್ಲೋಸ್‌ಪೇಟೆ ಎಂದು ಹೆಸರಿಟ್ಟಿದ್ದರು. ಭೂಗರ್ಭ ಶಾಸ್ತ್ರಜ್ಞರು ಇಲ್ಲಿನ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ನಮ್ಮವರಿಗೆ ಊರೆಂದರೆ ರೇಷ್ಮೆಗೂಡಿನ ಮಾರುಕಟ್ಟೆ ಮತ್ತು ರಾಮದೇವರ ಬೆಟ್ಟ. ಡಕಾಯಿತರ ಕಥೆಗೆ ಉತ್ತರ ಹಿಂದೂಸ್ಥಾನದ ಕಣಿವೆಗಳು ಸವೆದುಹೋಗಿದ್ದವು. ನಿರ್ದೇಶಕ ರಮೇಶ್ ಸಿಪ್ಪಿಯವರಿಗೆ ಯಾರೂ ಕಾಣದ ನೆಲ ಬೇಕಿತ್ತು. ಕಲಾನಿರ್ದೇಶಕ ರಾಮ್ ಯೆಡೇಕರ್ ಈ ಬೆಟ್ಟದ ಬುಡದಲ್ಲಿ ಹಳ್ಳಿಯೊಂದನ್ನೇ ಎಬ್ಬಿಸಿದರು. ವಾಹನಗಳು ಬರಲೆಂದು ಹೆದ್ದಾರಿಯಿಂದ ರಸ್ತೆಯನ್ನೂ ಹಾಕಿಸಿದರು. 1973ರ ಅಕ್ಟೋಬರ್‌ನಲ್ಲಿ ಚಿತ್ರೀಕರಣ ಮೊದಲಾಯಿತು. ಸಂಜೆ ಜಯಾ ಭಾದುರಿ ದೀಪಗಳನ್ನು ಆರಿಸುವ ಪುಟ್ಟ ದೃಶ್ಯಕ್ಕೇ, ತಕ್ಕ ಬೆಳಕಿಗೆ ಕಾದು ಕಾದು, ಸುಮಾರು 20 ದಿನ ಹಿಡಿಯಿತು. ರೈಲಿನ ಹೊಡೆದಾಟ ಮಾತ್ರ ನಮ್ಮ ಪನವೇಲ್ ಕಡೆಯದು. ಅದಕ್ಕೆ ಏಳು ವಾರ.

ಕಥೆ ಹೊಸದೇನಲ್ಲ. ಕೂಲಿಗೆ ಬಂದ ಯೋಧರು ಹಳ್ಳಿಯನ್ನು ಕಾಯುವುದು ಕುರೊಸಾವಾ ಅವರ 1954ರ ‘ಸೆವೆನ್ ಸಮುರಾಯ್’ನಲ್ಲೇ ಇದೆ. ಅದಕ್ಕೆ ಸಲೀಂ–ಜಾವೇದ್ ಜೋಡಿ ಕೂಡಿಸಿದ್ದು ಕೈಗಳಿಲ್ಲದ ಠಾಕೂರನ ಸೇಡನ್ನು. ಹೆಂಡತಿಯ ಹೊರತು ಕುಟುಂಬವನ್ನೆಲ್ಲ ಕಳೆದುಕೊಂಡವನು ಎಂದು ಬರೆಯಹೊರಟು ತಡೆದೆ: ಉಳಿದವಳು ಅವನ ಕಿರಿಯ ಸೊಸೆ, ವಿಧವೆ. ದೀಪ ಆರಿಸುವವಳು ಅವಳೇ. ಗುಂಡಿನ ಸದ್ದಿಗಿಂತ ಅವಳ ಮೌನವೇ ನನ್ನ ನೆನಪಿನಲ್ಲಿ ಹೆಚ್ಚು ನಿಂತಿದೆ.

ಆದರೆ ಆ ಸೇಡು ತೆರೆಗೆ ಬರಲಿಲ್ಲ. ಮೊದಲು ಚಿತ್ರಿಸಿದ ಮುಕ್ತಾಯದಲ್ಲಿ ಠಾಕೂರ್ ಮೊಳೆ ಬಡಿದ ಬೂಟುಗಾಲಿನಿಂದ ಗಬ್ಬರನನ್ನು ಕೊಂದು, ಬಳಿಕ ಅಳುತ್ತಾನೆ. ಅಷ್ಟರಲ್ಲಿ 1975ರ ಜೂನ್ 25ರಂದು ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಿತವಾಗಿತ್ತು. ಪೊಲೀಸ್ ಅಧಿಕಾರಿಯಾಗಿದ್ದವನು ಕಾನೂನನ್ನು ಕೈಗೆತ್ತಿಕೊಳ್ಳುವುದು ಸೆನ್ಸಾರಿನವರಿಗೆ ಒಪ್ಪಿಗೆಯಾಗಲಿಲ್ಲ. ಪ್ರಜೆಗಳ ಹಕ್ಕನ್ನೆಲ್ಲ ಗಂಟುಕಟ್ಟಿ ಮೂಲೆಗಿಟ್ಟ ದಿನಗಳಲ್ಲಿ ಸರಕಾರಕ್ಕೆ ಕಾನೂನಿನ ಮೇಲೆ ಹುಟ್ಟಿದ ಈ ಅಕ್ಕರೆಯನ್ನು ಏನೆನ್ನಬೇಕೋ! ಸೋವಿಯತ್ ದೇಶಕ್ಕೆ ಹೋಗಿದ್ದ ಸಂಜೀವ್ ಕುಮಾರ್ ಅವರನ್ನು ಹಿಂದಕ್ಕೆ ಕರೆಸಿ, ರಾಮನಗರದಲ್ಲಿ ಮತ್ತೆ ಕ್ಯಾಮರಾ ಹೂಡಿದರು. ಪೊಲೀಸರು ತಕ್ಕ ಗಳಿಗೆಗೆ ಬಂದು ಬುದ್ಧಿ ಹೇಳುತ್ತಾರೆ, ಠಾಕೂರ್ ಕಾಲು ಹಿಂದೆಗೆಯುತ್ತಾನೆ, ಗಬ್ಬರ್ ಬದುಕಿಕೊಳ್ಳುತ್ತಾನೆ. ಮೂರು ತಾಸು ಕಾದ ಪ್ರೇಕ್ಷಕನಿಗೆ ಇದು ಸಪ್ಪೆಯೆನಿಸಿದ್ದರೆ ಆಶ್ಚರ್ಯವಿಲ್ಲ, ನನಗಂತೂ ಅನಿಸಿತು.

1975ರ ಆಗಸ್ಟ್ 15ರಂದು ಚಿತ್ರ ತೆರೆಕಂಡಾಗ ವಿಮರ್ಶಕರು ಮೂಗು ಮುರಿದರು. ಜನ ಬಾಯಿಂದ ಬಾಯಿಗೆ ಸುದ್ದಿ ಮುಟ್ಟಿಸಿದ ಮೇಲೆಯೇ ಅದು ಚೇತರಿಸಿಕೊಂಡಿದ್ದು. ಲ್ಯಾಮಿಂಗ್ಟನ್ ರೋಡಿನ ಮಿನರ್ವಾದಲ್ಲಿ ಅದು ಐದು ವರ್ಷಕ್ಕೂ ಮೀರಿ ಓಡಿತು. ಇಷ್ಟಾಗಿ ಫಿಲ್ಮ್‌ಫೇರ್ ಪ್ರಶಸ್ತಿ ದಕ್ಕಿದ್ದು ಒಂದೇ: ಸಂಕಲನಕ್ಕಾಗಿ ಎಂ. ಎಸ್. ಶಿಂಧೆಯವರಿಗೆ.

ಸೆಟ್ಟನ್ನು ಆಮೇಲೆ ಕಿತ್ತು ಒಯ್ದರು. ಮಿನರ್ವಾ ಕೂಡ ಈಗಿಲ್ಲ. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಸಾರಲಾಯಿತು. ಹಳೆಯ ಮುಕ್ತಾಯ ಕೆಲವು ವಿಡಿಯೋ ಪ್ರತಿಗಳಲ್ಲಿ ಉಳಿದಿತ್ತು. 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾ ನಗರದಲ್ಲಿ ಜೀರ್ಣೋದ್ಧಾರಗೊಂಡ ಪ್ರತಿಯನ್ನು ತೋರಿಸಿದಾಗ, ಠಾಕೂರನ ಸೇಡು 50 ವರ್ಷ ತಡವಾಗಿ ದೊಡ್ಡ ತೆರೆಯ ಮೇಲೆ ತೀರಿತು.

ಗೆಳೆಯರನ್ನು ಒಮ್ಮೆ ಊರಿಗೆ ಕರೆದುಕೊಂಡು ಹೋಗಿ ಬಂಡೆಗಳನ್ನು ತೋರಿಸಿದೆ. ತಲೆಯೆತ್ತಿ ಬಹಳ ಹೊತ್ತು ನೋಡಿದರು. ಸಾಂಬಾ ಕೂತದ್ದು ಯಾವುದರ ಮೇಲೆ ಎಂದು ಕೇಳಿದರು. ಪಂಥದಲ್ಲಿ ಸೋತ ಎರಡು ಕಪ್ ಚಹಾದ ಮಾತನ್ನು ಮಾತ್ರ ಎತ್ತಲಿಲ್ಲ.