ವೃದ್ಧ ಸೇನಾನಿಯ ಅಧಿಕಾರಾವಧಿ: ಅಳಿಯ ರಾಮರಾಯನನ್ನು ಕುರಿತು ಒಂದು ವಿಚಾರ

ವಿಜಯನಗರದ ಪತನವನ್ನು ಕುರಿತು ಬರೆದವರಲ್ಲಿ ಬಹುಮಂದಿ ರಾಮರಾಯನ ವಯಸ್ಸನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗಿಬಿಡುತ್ತಾರೆ. ಮುದುಕನಾಗಿದ್ದರೂ ತರುಣನಂತೆ ಕಾದಿದನೆಂದು ಕೆಲವರು ಮೆಚ್ಚುತ್ತಾರೆ. ಮುದುಕನಾದುದರಿಂದಲೇ ಸೋತನೆಂದು ಕೆಲವರು ಮರುಗುತ್ತಾರೆ. ಆದರೆ ಅಂತಹ ವಯಸ್ಸಿನವನೊಬ್ಬನು 1565ರ ಜನವರಿ 23ರಂದು ಸೈನ್ಯದ ನಡುಭಾಗದಲ್ಲಿ ನಿಂತಿದ್ದುದು ಏಕೆ, ಅವನನ್ನು ಆ ಸ್ಥಾನದಲ್ಲಿ ಮುಂದುವರಿಸಿದುದು ಯುಕ್ತವೇ, ಮುಂದುವರಿಸಿದವರಾದರೂ ಯಾರು ಎಂಬ ಪ್ರಶ್ನೆಗಳನ್ನು ಬಿಡಿಸಿ ಕೇಳಿದವರು ವಿರಳ. ಆಟದ ತಂಡವೊಂದು ತನ್ನ ಹಿರಿಯ ಆಟಗಾರನನ್ನು ಇನ್ನೆರಡು ವರ್ಷ ಇಟ್ಟುಕೊಳ್ಳಬೇಕೇ ಬೇಡವೇ ಎಂದು ಇಂದು ಲೆಕ್ಕಹಾಕುತ್ತದೆ. ಅಲ್ಲಿ ಒಪ್ಪಂದವಿರುತ್ತದೆ, ಅದಕ್ಕೊಂದು ಅವಧಿಯಿರುತ್ತದೆ, ಅದನ್ನು ಮುರಿಯಲು ಅಧಿಕಾರವುಳ್ಳವರೂ ಇರುತ್ತಾರೆ. ಹದಿನಾರನೆಯ ಶತಮಾನದ ವಿಜಯನಗರದಲ್ಲಿ ಈ ಮೂರರಲ್ಲಿ ಯಾವುದೂ ಇರಲಿಲ್ಲವೆಂಬುದೇ ಪ್ರಕೃತ ಲೇಖನದ ವಿಷಯ.

ಮೊದಲು ವಯಸ್ಸಿನ ಮಾತು. ಪೋರ್ಚುಗೀಸ್ ಇತಿಹಾಸಕಾರ ಕೌಟೋ ರಾಮರಾಯನಿಗೆ ಆಗ 96 ವರ್ಷವೆಂದು ಬರೆದಿದ್ದಾನೆ. ಸಿವೆಲ್ಲರು 1900ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಅದನ್ನು ಎತ್ತಿಕೊಂಡ ಮೇಲೆ ಆ ಸಂಖ್ಯೆ ನಮ್ಮ ಪಠ್ಯಗಳಲ್ಲೆಲ್ಲ ಹಬ್ಬಿತು. ಇದು ಸ್ವಲ್ಪ ಹೆಚ್ಚಾಯಿತೆಂದು ನನಗೆ ತೋರುತ್ತದೆ. ಗೋಲ್ಕೊಂಡದ ಅನಾಮಧೇಯ ಇತಿಹಾಸವೊಂದರ ಪ್ರಕಾರ ರಾಮರಾಯನು ಮೊದಲು ಸುಲ್ತಾನ್ ಕುಲಿ ಕುತುಬ್ ಷಾನ ಸೇವೆಯಲ್ಲಿದ್ದನು. ಸುಮಾರು 1512ರಲ್ಲಿ ಒಂದು ಪ್ರದೇಶದ ಆಡಳಿತ ಅವನ ಕೈಗೆ ಬಂತು. ಕೆಲವು ವರ್ಷಗಳಲ್ಲೇ ಬಿಜಾಪುರದ ದಾಳಿಯೆದುರು ನಿಲ್ಲದೆ ಹಿಂದಿರುಗಿದನೆಂದು ಅವನನ್ನು ಸೇವೆಯಿಂದ ತೆಗೆದುಹಾಕಲಾಯಿತು. ಆಮೇಲೆ ಅವನು ಕೃಷ್ಣದೇವರಾಯನ ಆಶ್ರಯಕ್ಕೆ ಬಂದು, ರಾಜಪುತ್ರಿಯನ್ನು ವಿವಾಹವಾಗಿ ‘ಅಳಿಯ’ನೆನಿಸಿದನು. ಕೌಟೋ ಹೇಳಿದ ಸಂಖ್ಯೆಯನ್ನು ನಂಬಿದರೆ 1512ರಲ್ಲಿ ಅವನಿಗೆ ನಲವತ್ತಮೂರು ವರ್ಷವಾಗಿರಬೇಕು. ಹೊಸದಾಗಿ ಒಂದು ಸೀಮೆಯನ್ನು ಪಡೆದ ಸರದಾರನಿಗೆ, ಅದರ ಬೆನ್ನಿಗೇ ಅಳಿಯನಾದವನಿಗೆ, ಈ ವಯಸ್ಸು ಹೆಚ್ಚೇ. ಇಪ್ಪತ್ತೈದರಿಂದ ಮೂವತ್ತೆಂದು ಇಟ್ಟುಕೊಂಡರೆ 1565ರಲ್ಲಿ ಅವನು ಎಂಬತ್ತರ ಆಚೀಚೆ ಇರುತ್ತಾನೆ. ಇಷ್ಟಾದರೂ ಅದು ಕುದುರೆಯ ಮೇಲೆ ಇಡೀ ದಿನ ಕಳೆಯುವ ವಯಸ್ಸಲ್ಲ.

ರಾಜನ ದೇಹಬಲವು ವಿಜಯನಗರದಲ್ಲಿ ಅವನ ಖಾಸಗಿ ವಿಷಯವಾಗಿರಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. 1520ರ ಸುಮಾರಿಗೆ ಇಲ್ಲಿದ್ದ ಪಾಯೆಸ್, ಕೃಷ್ಣದೇವರಾಯನು ನಸುಕಿನಲ್ಲೆದ್ದು ಎಳ್ಳೆಣ್ಣೆ ಕುಡಿದು, ಮೈಗೆ ಎಣ್ಣೆ ಹಚ್ಚಿಸಿಕೊಂಡು, ಭಾರ ಎತ್ತಿ, ಕತ್ತಿವರಸೆ ಮಾಡಿ, ಜಟ್ಟಿಯೊಡನೆ ಕುಸ್ತಿಯಾಡಿ, ಆಮೇಲೆ ಬೆಳಗಾಗುವವರೆಗೆ ಕುದುರೆ ಓಡಿಸುತ್ತಿದ್ದನೆಂದು ವರ್ಣಿಸಿದ್ದಾನೆ. ಪರದೇಶದ ಪ್ರವಾಸಿಯ ಕಿವಿಗೂ ಇದು ಬಿದ್ದಿತ್ತೆಂದರೆ ನಗರಕ್ಕೆಲ್ಲ ತಿಳಿದಿದ್ದ ಸಂಗತಿಯೇ ಆಗಿರಬೇಕು. ಅದೇ ವರ್ಷದ ರಾಯಚೂರಿನ ಕಾಳಗದಲ್ಲಿ ಇದರ ಬೆಲೆ ಕಂಡಿತು. ಆದಿಲ್ ಷಾನ ಫಿರಂಗಿಗಳ ಹೊಡೆತಕ್ಕೆ ರಾಯನ ಮುಂಚೂಣಿ ಮುರಿದು ಓಡತೊಡಗಿದಾಗ, ಅವನು ತನ್ನ ಉಂಗುರವನ್ನು ಸೇವಕನ ಕೈಗಿತ್ತು, ತಾನು ಸತ್ತರೆ ಅದನ್ನು ರಾಣಿಯರಿಗೆ ತೋರಿಸುವಂತೆ ಹೇಳಿ, ಕುದುರೆಯೇರಿ ಉಳಿದ ದಳಗಳನ್ನು ಮುನ್ನಡೆಸಿದನೆಂದು ನೂನಿಜ್ ಬರೆದಿದ್ದಾನೆ. ಸೋಲು ಗೆಲುವಾಯಿತು.

ನಲವತ್ತೈದು ವರ್ಷಗಳ ಅನಂತರ ಕೃಷ್ಣೆಯ ದಡದಲ್ಲಿ ಅಂತಹದೇ ಗಳಿಗೆ ಬಂತು. ಫೆರಿಷ್ತಾ ಕೊಡುವ ಚಿತ್ರ ಪ್ರಸಿದ್ಧವಾದುದು. ಕುದುರೆ ಹತ್ತಬೇಕೆಂದು ಅಧಿಕಾರಿಗಳು ಬೇಡಿಕೊಂಡರೂ ರಾಮರಾಯನು ಕೇಳದೆ ಪಲ್ಲಕ್ಕಿಯಲ್ಲೇ ರಣಭೂಮಿಗೆ ಹೋದನು. ಇದು ಮಕ್ಕಳಾಟವೆಂಬುದು ಅವನ ಉತ್ತರ. ನಡುವೆ ಇಳಿದು, ಸಿಂಹಾಸನದ ಮೇಲೆ ಕುಳಿತು, ಹಣದ ರಾಶಿಗಳನ್ನು ಎದುರಿಗಿಟ್ಟುಕೊಂಡು ಸೈನಿಕರಿಗೆ ಬಹುಮಾನ ಹಂಚಿದನು. ಎದುರಿಗೆ ಅಹಮದ್‌ನಗರದ ಹುಸೇನ್ ನಿಜಾಮ್ ಷಾನ ಆರುನೂರು ತೋಪುಗಳು ಮೂರು ಸಾಲುಗಳಲ್ಲಿ ನಿಂತಿದ್ದವು. ಬಿಲ್ಲುಗಾರರನ್ನು ಮುಂದೆ ನಿಲ್ಲಿಸಿ ಅವುಗಳನ್ನು ಮರೆಮಾಡಲಾಗಿತ್ತು. ಶತ್ರು ಹತ್ತಿರ ಬಂದಾಗ ತಾಮ್ರದ ನಾಣ್ಯಗಳ ಚೀಲಗಳನ್ನೇ ತುಂಬಿ ಹಾರಿಸಲಾಯಿತು. ನಡುಭಾಗ ಕದಡಿತು. ರಾಮರಾಯನು ಮತ್ತೆ ಪಲ್ಲಕ್ಕಿ ಏರಿದನು, ಆನೆಯೊಂದು ನುಗ್ಗಿದುದರಿಂದ ಹೊತ್ತವರು ಅದನ್ನು ಬಿಟ್ಟು ಓಡಿದರು, ಮುದುಕನು ಸೆರೆಸಿಕ್ಕಿದನು, ಹುಸೇನನ ಅಪ್ಪಣೆಯಂತೆ ಅಲ್ಲಿಯೇ ಅವನ ತಲೆಯನ್ನು ಕತ್ತರಿಸಿ ಭರ್ಜಿಯ ತುದಿಗೆ ಸಿಕ್ಕಿಸಿ ಎತ್ತಿಹಿಡಿದರು. ಅದನ್ನು ಕಂಡ ಸೈನ್ಯ ಚೆಲ್ಲಾಪಿಲ್ಲಿಯಾಯಿತು.

ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ‘ಕುದುರೆಗೂ ಪಲ್ಲಕ್ಕಿಗೂ ಇರುವ ಅಂತರವೇ ಸಾಮ್ರಾಜ್ಯದ ಅಂತರ’ ಎನ್ನುವುದು ಸುಲಭ. ತರಗತಿಯಲ್ಲಿ ಹಾಗೆ ಹೇಳಿದರೆ ಚಪ್ಪಾಳೆಯೂ ಬಿದ್ದೀತು. ಆದರೆ ಅದು ಪೂರ್ತಿ ಒಪ್ಪತಕ್ಕ ಮಾತಲ್ಲ. ರಾಯಚೂರಿನಲ್ಲಿ ಫಿರಂಗಿಗಳು ಮೊದಲ ಹೊಡೆತದ ಮೇಲೆ ಮತ್ತೆ ಸಿದ್ಧವಾಗುವುದರೊಳಗೆ ಕುದುರೆಗಳು ಅವುಗಳ ಮೇಲೆ ಬಿದ್ದಿದ್ದವು. 1565ರಲ್ಲಿ ದೊಡ್ಡ ತೋಪುಗಳ ಹಿಂದೆ ನಡುತರದವು, ಅವುಗಳ ಹಿಂದೆ ಹಗುರವಾದವು ಇದ್ದವು. ಆ ನಾಣ್ಯದ ಮಳೆಯಲ್ಲಿ ಮೂವತ್ತರ ಯುವಕನೂ ಕುದುರೆಸಮೇತ ಬೀಳುತ್ತಿದ್ದನು. ಇದಲ್ಲದೆ, 1567ರಲ್ಲಿ ಹಾಳೂರಿಗೆ ಬಂದು ಏಳು ತಿಂಗಳು ನಿಂತಿದ್ದ ವೆನಿಸ್ಸಿನ ವರ್ತಕ ಫೆಡೆರಿಚಿ, ರಾಮರಾಯನ ಸೇವೆಯಲ್ಲಿದ್ದ ಇಬ್ಬರು ಮುಸಲ್ಮಾನ ಸರದಾರರು ಕಾಳಗದ ನಡುವೆ ತಿರುಗಿಬಿದ್ದರೆಂದು ಕೇಳಿ ಬರೆದಿದ್ದಾನೆ. ಅದು ಎಷ್ಟು ನಿಜವೋ, ಸೋತವರು ಸಮಾಧಾನಕ್ಕಾಗಿ ಕಟ್ಟಿದ ಮಾತು ಎಷ್ಟೋ, ಚರ್ಚೆಗೆ ಎಡೆಯಿದೆ. ಹೇಗೂ ನಡುಭಾಗ ಮುರಿದುದಕ್ಕೆ ಸೇನಾನಿಯ ವಯಸ್ಸೊಂದನ್ನೇ ಹೊಣೆಮಾಡಲಾಗದು. ವಯಸ್ಸು ಕೆಲಸಮಾಡಿದುದು ಅನಂತರದ ಅರ್ಧ ಗಳಿಗೆಯಲ್ಲಿ: ಮುರಿದ ದಳವನ್ನು ಕೂಡಿಸಬೇಕಾದವನು ಹೊತ್ತವರ ಕಾಲುಗಳ ಅಧೀನದಲ್ಲಿದ್ದನು.

ಹಾಗಾದರೆ ಅವನನ್ನು ಮುಂದುವರಿಸಿದುದರಲ್ಲಿ ಅರ್ಥವೇನಾದರೂ ಇತ್ತೇ? ಇತ್ತು, ಹೆಚ್ಚಾಗಿಯೇ ಇತ್ತು. ದಖ್ಖನದ ರಾಜಕೀಯವನ್ನು ರಾಮರಾಯನಷ್ಟು ಒಳಗಿನಿಂದ ಬಲ್ಲವನು ಆಗ ಇನ್ನೊಬ್ಬನಿರಲಿಲ್ಲ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ 1543ರಿಂದ 1550ರವರೆಗೆ ಏಳು ವರ್ಷ ವಿಜಯನಗರದಲ್ಲಿ ಅವನ ಅತಿಥಿಯಾಗಿದ್ದು, ಅಲ್ಲಿಂದಲೇ ಸಿಂಹಾಸನಕ್ಕೆ ಹೋದವನು. ಬಿಜಾಪುರದ ಅಲಿ ಆದಿಲ್ ಷಾ, ರಾಮರಾಯನಿಗೆ ಪುತ್ರಶೋಕವಾದಾಗ ಕೇವಲ ನೂರು ಸವಾರರೊಡನೆ ಸಂತಾಪ ಹೇಳಲು ಬಂದನು. ರಾಮರಾಯನ ಪತ್ನಿ ಅವನನ್ನು ಮಗನೆಂದು ಸ್ವೀಕರಿಸಿದಳು. ಒಬ್ಬ ಸುಲ್ತಾನನಿಗೆ ಇನ್ನೊಬ್ಬನ ವಿರುದ್ಧ ನೆರವಾಗುತ್ತ, ಯಾರನ್ನೂ ಪೂರ್ತಿ ಬೆಳೆಯಗೊಡದೆ ಇಪ್ಪತ್ತು ವರ್ಷ ನಡೆಸಿದ ರಾಜನೀತಿ ಗ್ರಂಥಗಳಿಂದ ಕಲಿಯತಕ್ಕುದಲ್ಲ. ಅವನ ತಾರುಣ್ಯ ಗೋಲ್ಕೊಂಡದ ದರ್ಬಾರಿನಲ್ಲಿ ಕಳೆದಿತ್ತೆಂಬುದನ್ನು ನೆನೆದರೆ, ರಿಚರ್ಡ್ ಈಟನ್ನರು 2005ರಲ್ಲಿ ಅವನ ಜೀವನವನ್ನು ದಖ್ಖನದ ಸಾಮಾಜಿಕ ಇತಿಹಾಸದ ಒಂದು ಅಧ್ಯಾಯವನ್ನಾಗಿ ಮಾಡಿದುದು ಉಚಿತವೆನಿಸುತ್ತದೆ.

ಆದರೆ ಈ ಬಂಡವಾಳವೆಲ್ಲ ಒಬ್ಬನ ಹೆಸರಿನಲ್ಲಿತ್ತು, ಸಾಲವೂ ಅವನ ಹೆಸರಿನಲ್ಲೇ ಬೆಳೆಯಿತು. ಸಂತಾಪಕ್ಕೆ ಬಂದ ಅಲಿಯನ್ನು ಬೀಳ್ಕೊಡಲು ರಾಮರಾಯನು ಊರ ಹೊರಗಿನವರೆಗೆ ಹೋಗಲಿಲ್ಲ. ಅದನ್ನು ಅಲಿ ಮರೆಯಲಿಲ್ಲವೆಂದು ಫೆರಿಷ್ತಾ ಹೇಳುತ್ತಾನೆ. ಸೋತು ಸಂಧಿಗೆ ಬಂದ ಹುಸೇನನು ರಾಮರಾಯನ ಕೈ ಮುಟ್ಟಿದ ಮೇಲೆ ನೀರು ತರಿಸಿ ಕೈತೊಳೆದನಂತೆ, ಇವನೂ ತೊಳೆದನಂತೆ. ಇಂತಹ ಕಥೆಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೂ ಮೂವರು ಸುಲ್ತಾನರ ಮನಸ್ಸಿನಲ್ಲಿ ‘ವಿಜಯನಗರ’ವೆಂದರೆ ಒಬ್ಬ ವ್ಯಕ್ತಿಯ ಮುಖವಾಗಿತ್ತೆಂಬುದು ಇವುಗಳಿಂದ ತಿಳಿಯುತ್ತದೆ. ಹುಸೇನನ ಮಗಳು ಚಾಂದ್ ಬೀಬಿಯನ್ನು ಸೊಲ್ಲಾಪುರದ ಕೋಟೆಯೊಡನೆ ಅಲಿಗೆ ಕೊಟ್ಟು, ಅಲಿಯ ತಂಗಿಯನ್ನು ಹುಸೇನನ ಮಗನಿಗೆ ತಂದುಕೊಂಡಾಗ, ರಾಮರಾಯನ ನೀತಿ ನಿಂತಿದ್ದ ನೆಲವೇ ಜಾರಿತು. ಹೊಸ ಪರಿಸ್ಥಿತಿಗೆ ಹೊಸ ನೀತಿ ಬೇಕಾಗಿತ್ತು. ಎಂಬತ್ತರ ಅನುಭವ ಹಳೆಯ ಪರಿಸ್ಥಿತಿಯದು; ಅವನನ್ನು ಉಳಿಸಿಕೊಳ್ಳುವುದರ ವಿರುದ್ಧ ಹೇಳಬಹುದಾದ ಅತ್ಯಂತ ಬಲವಾದ ಮಾತು ಇದೇ, ಪಲ್ಲಕ್ಕಿಯಲ್ಲ.

ಇನ್ನು, ತೆಗೆಯುವವರು ಯಾರು? ಶಾಸನಗಳ ಪ್ರಕಾರ ಅರಸನು ಸದಾಶಿವರಾಯ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಅವನ 1556ರ ತಾಮ್ರಪಟಗಳಲ್ಲಿ ದಾನದ ಕ್ರಮ ನೋಡತಕ್ಕುದು: ಕೊಂಡರಾಜನು ರಾಮರಾಯನಲ್ಲಿ ಬಿನ್ನವಿಸುತ್ತಾನೆ, ರಾಮರಾಯನು ಸದಾಶಿವನಲ್ಲಿ ಬಿನ್ನವಿಸುತ್ತಾನೆ, ಸದಾಶಿವನು ದತ್ತಿ ಕೊಡುತ್ತಾನೆ. ಬರವಣಿಗೆಯಲ್ಲಿ ರಾಮರಾಯನು ಬಿನ್ನಹ ಮಾಡುವ ಸೇವಕನೇ. ಆದರೆ ಈ ಅರಸನನ್ನು ಕಾವಲಿನಲ್ಲಿಟ್ಟು ವರ್ಷಕ್ಕೊಮ್ಮೆ ಮಾತ್ರ ಪ್ರಜೆಗಳಿಗೆ ತೋರಿಸುತ್ತಿದ್ದರೆಂದು ಫೆಡೆರಿಚಿ ತಿಳಿಸುತ್ತಾನೆ. ಸೇವೆಯಿಂದ ಬಿಡುಗಡೆ ಮಾಡಬೇಕಾದ ಯಜಮಾನನು ಸೇವಕನ ಸೆರೆಯಲ್ಲಿದ್ದನು. ಅಧಿಕಾರಿಗಳು ‘ಕುದುರೆ ಹತ್ತಿರಿ’ ಎಂದು ಬೇಡಬಹುದಿತ್ತೇ ಹೊರತು ‘ನೀವು ರಾಜಧಾನಿಯಲ್ಲಿರಿ, ತಮ್ಮಂದಿರು ದಂಡು ನಡೆಸಲಿ’ ಎನ್ನುವ ಅಧಿಕಾರ ಯಾರಿಗೂ ಇರಲಿಲ್ಲ. ತಮ್ಮಂದಿರಾದ ತಿರುಮಲ, ವೆಂಕಟಾದ್ರಿ ಇಬ್ಬರೂ ಅದೇ ರಣರಂಗದಲ್ಲಿ ಎರಡು ಪಕ್ಕಗಳನ್ನು ವಹಿಸಿದ್ದರು. ಮೂವರೂ ಒಂದೇ ದಿನ ಒಂದೇ ಬಯಲಿನಲ್ಲಿ! ರಾಜಧಾನಿಯನ್ನು ಕಾಯಲು ಹೆಸರಿಗೊಬ್ಬ ಹಿರಿಯನೂ ಉಳಿದಿರಲಿಲ್ಲ. ಹಿರೋಡೆಯನನ್ನು ಆಲೋಚನೆಗೆ ಇಟ್ಟುಕೊಂಡು ರಣದಿಂದ ಬಿಡಿಸುವುದೇ ಸರಿಯಾದ ಮಾರ್ಗವಾಗಿತ್ತೆಂದು ನನ್ನ ಅಭಿಪ್ರಾಯ. ಹಂಪೆಯಲ್ಲಿ ಕುಳಿತು ಅವನು ಬರೆಯುವ ಒಂದೊಂದು ಓಲೆಯೂ ಇಬ್ರಾಹಿಮನನ್ನು ಒಕ್ಕೂಟದಿಂದ ಸಡಿಲಿಸುವ ಸಾಧ್ಯತೆಯುಳ್ಳದ್ದಾಗಿತ್ತು.

ವಿಜಯನಗರಕ್ಕೆ ಇಂತಹ ಏರ್ಪಾಡು ಅಪರಿಚಿತವೇನೂ ಆಗಿರಲಿಲ್ಲ. ನೂನಿಜ್ ಹೇಳುವಂತೆ ಕೃಷ್ಣದೇವರಾಯನು ತಾನಿರುವಾಗಲೇ ಆರು ವರ್ಷದ ಮಗನಿಗೆ ಪಟ್ಟಕಟ್ಟಿ, ತಾನು ಮಂತ್ರಿಯ ಸ್ಥಾನದಲ್ಲಿ ನಿಂತನು. ಬಾಲಕನು ತೀರಿಕೊಂಡನು, ವಿಷಪ್ರಯೋಗದ ಸಂಶಯ ಸಾಳುವ ತಿಮ್ಮರಸನ ಮನೆಯ ಮೇಲೆ ಬಂತು, ರಾಯನು ‘ಅಪ್ಪಾಜಿ’ ಎಂದು ಗೌರವಿಸಿದ್ದ ಆ ವೃದ್ಧ ಮಂತ್ರಿಯ ಕಣ್ಣು ಕೀಳಿಸಲಾಯಿತು. ಆ ಆಸ್ಥಾನದಲ್ಲಿ ಹಿರಿಯನೊಬ್ಬನು ಅಧಿಕಾರ ಬಿಡುವುದೆಂದರೆ ವಿಶ್ರಾಂತಿಯಾಗಿರದೆ ಸೆರೆಮನೆಯಾಗಬಹುದೆಂಬುದನ್ನು ರಾಮರಾಯನು ಕಣ್ಣಾರೆ ಕಂಡಿದ್ದವನು. 1542ರಲ್ಲಿ ಅಚ್ಯುತರಾಯನು ತೀರಿಕೊಂಡ ಮೇಲೆ ಅವನ ಮಗನಿಗಾದ ಗತಿಯನ್ನೂ ಬಲ್ಲವನು. ಅವನು ಕೊನೆಯವರೆಗೆ ಪಲ್ಲಕ್ಕಿಯಿಂದ ಇಳಿಯದಿದ್ದುದರಲ್ಲಿ ಈ ಭಯದ ಪಾಲೆಷ್ಟು ಎಂಬುದನ್ನು ಯೋಚಿಸಬೇಕು.

ಇಂದು ವಿರೂಪಾಕ್ಷ ದೇವಾಲಯದ ಗೋಪುರದಿಂದ ಹಂಪಿ ಬಜಾರಿನುದ್ದಕ್ಕೂ ಪೂರ್ವಕ್ಕೆ ನಡೆದರೆ ಸುಮಾರು ಮುಕ್ಕಾಲು ಕಿಲೋಮೀಟರಿನಾಚೆ ಮಾತಂಗ ಪರ್ವತದ ಬುಡದಲ್ಲಿ ಏಕಶಿಲಾ ನಂದಿ ಸಿಕ್ಕುತ್ತದೆ. ಇಕ್ಕೆಲಗಳ ಮಂಟಪಗಳಲ್ಲಿ ಇದ್ದ ಅಂಗಡಿ ಮನೆಗಳನ್ನು 2011ರಲ್ಲಿ ತೆರವು ಮಾಡಿಸಿದ ಮೇಲೆ ಬೀದಿ ಬರಿದಾಗಿದೆ. ಹಿಂದೊಮ್ಮೆ ಬರಿದಾದ ನಗರವನ್ನು ಮತ್ತೆ ತುಂಬಿಸಲು ಮೊದಲು ಯತ್ನಿಸಿದವನು ತಿರುಮಲ. ಅವನು 1565ರಲ್ಲಿ ಸದಾಶಿವನನ್ನೂ ಭಂಡಾರವನ್ನೂ ಆನೆಗಳ ಮೇಲೆ ಪೆನುಗೊಂಡೆಗೆ ಸಾಗಿಸಿದ್ದನು. ಬಳಿಕ ಹಿಂದಿರುಗಿ, ಕುದುರೆ ವ್ಯಾಪಾರಿಗಳನ್ನು ಕರೆಸಿ, ಕುದುರೆಗಳನ್ನು ತೆಗೆದುಕೊಂಡು, ಹಣ ಕೊಡದೆ ಅವರನ್ನು ಕಳುಹಿಸಿಬಿಟ್ಟನೆಂದು ಫೆಡೆರಿಚಿ ದೂರಿದ್ದಾನೆ. ನಗರ ತುಂಬಲಿಲ್ಲ. ಪೆನುಗೊಂಡೆಗೆ ಮರಳಿದ ತಿರುಮಲನು 1570ರ ಸುಮಾರಿಗೆ ತಾನೇ ಪಟ್ಟವೇರಿದನು. ಅವನೂ ಆಗ ವೃದ್ಧನೇ. ಆದರೆ ರಾಜ್ಯದ ಭಾಗಗಳನ್ನು ಶ್ರೀರಂಗ, ರಾಮ, ವೆಂಕಟಪತಿ ಎಂಬ ಮೂವರು ಮಕ್ಕಳಿಗೆ ವಹಿಸಿ, ಎರಡು ವರ್ಷಗಳೊಳಗೆ ಶ್ರೀರಂಗನಿಗೆ ಸಿಂಹಾಸನವನ್ನು ಬಿಟ್ಟುಕೊಟ್ಟನು.