ಇಬ್ಬರಿಗೆ ಎರಡು ದಿನ ಕೊಚ್ಚಿ: ವಾರದ ಲೆಕ್ಕ ತಪ್ಪಬಾರದು

ಗಡಿನಾಡಿನಲ್ಲಿ ಪ್ರವಾಸವೆಂದರೆ ಸಾಮಾನ್ಯವಾಗಿ ಒಂದು ವ್ಯಾನು ತುಂಬ ಜನ, ಒಂದೇ ದಿನಕ್ಕೆ ಹತ್ತು ಜಾಗ. ಮಕ್ಕಳು, ಹಿರಿಯರನ್ನು ನೋಡಿಕೊಳ್ಳುವುದರಲ್ಲಿ ಮನೆಯೊಡತಿಗೆ ಅಲ್ಲೂ ಬಿಡುವಿಲ್ಲ. ಗಂಡ ಹೆಂಡತಿ ಇಬ್ಬರೇ ಎರಡು ದಿನ ಆರಾಮವಾಗಿ ಕಳೆಯಲು ಕಾಸರಗೋಡಿನವರಿಗೆ ಅನುಕೂಲವಾದ ಊರು ಕೊಚ್ಚಿ. ಭಾಷೆಯ ತೊಡಕೂ ಇಲ್ಲ.

ಪ್ರಯಾಣ: ಶನಿವಾರ ನಸುಕಿನಲ್ಲಿ ಮಂಗಳೂರಿನಿಂದ ಹೊರಡುವ ಪರಶುರಾಮ್ ಎಕ್ಸ್‌ಪ್ರೆಸ್ ಹಿಡಿದರೆ ಮಧ್ಯಾಹ್ನ ಎರ್ನಾಕುಲಂ ಟೌನ್ ನಿಲ್ದಾಣ ತಲುಪಬಹುದು. ಎರ್ನಾಕುಲಂ ಜಂಕ್ಷನ್ ಬೇರೆ ನಿಲ್ದಾಣ; ಟಿಕೆಟ್ ಮಾಡಿಸುವಾಗ ಗಮನಿಸಬೇಕು. ಹೈಕೋರ್ಟ್ ಬಳಿಯಿಂದ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೋ ದೋಣಿಗಳಿವೆ. ಈ ಸೇವೆ ಕೊಚ್ಚಿಯಲ್ಲಿ ಆರಂಭವಾದದ್ದು 2023ರಲ್ಲಿ.

ಶನಿವಾರ: ಫೋರ್ಟ್ ಕೊಚ್ಚಿಯನ್ನು ನಡೆದೇ ನೋಡಬಹುದು. ದಡದಲ್ಲಿ ಚೀನೀ ಬಲೆಗಳಿವೆ. ಮರದ ದೊಡ್ಡ ಚೌಕಟ್ಟಿಗೆ ಕಟ್ಟಿದ ಬಲೆಯನ್ನು ನೀರಿಗಿಳಿಸಿ, ಹಗ್ಗಕ್ಕೆ ತೂಗುಬಿಟ್ಟ ಕಲ್ಲುಗಳ ಭಾರದ ನೆರವಿನಿಂದ ನಾಲ್ಕಾರು ಜನ ಸೇರಿ ಮೇಲೆತ್ತುತ್ತಾರೆ. ಹತ್ತಿರದಲ್ಲೇ ಸೇಂಟ್ ಫ್ರಾನ್ಸಿಸ್ ಇಗರ್ಜಿ. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಇಲ್ಲೇ. ಅವಶೇಷಗಳನ್ನು ಬಳಿಕ ಪೋರ್ಚುಗಲ್‌ಗೆ ಒಯ್ದರು. ಭಾನುವಾರ ಬೆಳಿಗ್ಗೆ ಇಲ್ಲಿ ಪ್ರಾರ್ಥನೆ ಇರುವುದರಿಂದ ಶನಿವಾರವೇ ನೋಡುವುದು ಒಳ್ಳೆಯದು. ಸಂಜೆ ಕಡಲ ಬದಿಯಲ್ಲಿ ಕೂತು ಹಡಗು ನೋಡಬಹುದು, ಆದರೆ ನೀರಿಗಿಳಿಯುವುದು ಬೇಡ.

ಭಾನುವಾರ: ಮಟ್ಟಾಂಚೇರಿಗೆ ಆಟೋದಲ್ಲಿ ಸ್ವಲ್ಪವೇ ದೂರ. 1568ರ ಪರದೇಶಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಶುಕ್ರವಾರ ಮತ್ತು ಶನಿವಾರ ಪ್ರವಾಸಿಗರಿಗೆ ತೆರೆಯುವುದಿಲ್ಲ. ಶನಿವಾರವೇ ಅಲ್ಲಿಗೆ ಓಡಿದವರು ಬಾಗಿಲು ನೋಡಿ ಹಿಂದಿರುಗಬೇಕಾಗುತ್ತದೆ. ನೆಲಕ್ಕೆ ಹಾಸಿದ, ಕೈಯಲ್ಲಿ ಚಿತ್ರ ಬರೆದ ಚೀನೀ ಹಂಚುಗಳು ಇಲ್ಲಿನ ವಿಶೇಷ. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಇಲ್ಲಿನ ಯಹೂದಿಗಳಲ್ಲಿ ಹೆಚ್ಚಿನವರು ಅಲ್ಲಿಗೆ ಹೋದರು. ಪಕ್ಕದ ಮಟ್ಟಾಂಚೇರಿ ಅರಮನೆಯನ್ನು ಪೋರ್ಚುಗೀಸರು ಕಟ್ಟಿಸಿ ಕೊಚ್ಚಿ ಅರಸರಿಗೆ ಕೊಟ್ಟರು. ಡಚ್ಚರು ದುರಸ್ತಿ ಮಾಡಿದರು. ಗೋಡೆಗಳ ಮೇಲಿನ ರಾಮಾಯಣದ ಚಿತ್ರಗಳನ್ನು ಅವಸರವಿಲ್ಲದೆ ನೋಡಬೇಕು. ಅರಮನೆಗೆ ರಜೆ ಶುಕ್ರವಾರ.

ಚೆರಳಾಯಿಯಲ್ಲಿ ಗೌಡ ಸಾರಸ್ವತರ ತಿರುಮಲ ದೇವಸ್ಥಾನವಿದೆ. ಇವರ ಹಿರಿಯರು ಗೋವೆಯಿಂದ ಬಂದವರು. ಮಂಜೇಶ್ವರ, ಕುಂಬಳೆಯ ಕೊಂಕಣಿಗರಿಗೆ ಮನೆಮಾತು ಇಲ್ಲೂ ಕೇಳಸಿಗುತ್ತದೆ.

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಜೂನ್, ಜುಲೈ ಮಳೆಯಲ್ಲಿ ನಡೆದಾಟ ಕಷ್ಟ. ಭಾನುವಾರ ರಾತ್ರಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಸೋಮವಾರ ಬೆಳಿಗ್ಗೆ ಕಾಸರಗೋಡು. ರೈಲಿನ ಸಮಯ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಕ್ಷೇಮ.